ಮುಪ್ಪಿನವರ ಶಸ್ತ್ರಚಿಕಿತ್ಸೆಯಲ್ಲಿ ಮಂಪರೂ ಅದರ ಅಳತೆಯೂ

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ವೇದಿಕೆಯ ಮೇಲಿಂದ ತತ್ತ್ವ, ಸಾಹಿತ್ಯ, ಇತಿಹಾಸಗಳನ್ನು ಕುರಿತು ವಿದ್ವಾಂಸರು ಮಾತನಾಡಿರುವರು. ನಾನು ಆ ದಾರಿಯವನಲ್ಲ. ಶಸ್ತ್ರವೈದ್ಯರು ತಮ್ಮ ಕೆಲಸದಲ್ಲಿ ತೊಡಗಿರುವಾಗ ರೋಗಿಯ ತಲೆಯ ಬಳಿ ಕುಳಿತು ಅವನ ನೋವನ್ನೂ ಉಸಿರನ್ನೂ ಎಚ್ಚರವನ್ನೂ ಕಾಯುವುದು ನನ್ನ ಕಾಯಕ. ಅದನ್ನು ಕುರಿತೇ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದುದರಿಂದ, ನನಗೆ ತಿಳಿದಷ್ಟನ್ನು ತಮ್ಮ ಮುಂದಿಡುವೆನು.

ಈ ಸಭೆಯಲ್ಲಿ ಅರುವತ್ತು ದಾಟಿದವರು ಅನೇಕರು ಕುಳಿತಿರುವರು. ಉಳಿದವರ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇದ್ದೇ ಇರುವರು. ಬಚ್ಚಲಲ್ಲಿ ಕಾಲು ಜಾರಿ ತೊಡೆಯ ಎಲುಬು ಮುರಿಯುವುದು, ಮೂತ್ರ ಕಟ್ಟುವುದು, ಹರಣಿಯಾಗುವುದು, ಮಂಡಿ ಸವೆಯುವುದು ಇವೆಲ್ಲ ಮುಪ್ಪಿನ ಸಂಗಾತಿಗಳು. ಇವುಗಳಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವನ್ನು ಇಂದು ಇಡೀ ಮೈಯ ಪ್ರಜ್ಞೆ ತಪ್ಪಿಸದೆ, ಬೇಕಾದ ಭಾಗವನ್ನು ಮಾತ್ರ ಮರಗಟ್ಟಿಸಿ ಮಾಡಬಹುದಾಗಿದೆ. ಆಗ ಮನೆಯವರು ನಮ್ಮನ್ನು ಕೇಳುವ ಮಾತು ಬಹುಮಟ್ಟಿಗೆ ಒಂದೇ: “ಡಾಕ್ಟರೇ, ಪೂರಾ ನಿದ್ದೆ ಬರಿಸಿಬಿಡಿ; ಮುದುಕರಿಗೆ ಏನೂ ತಿಳಿಯದಿರಲಿ.” ಈ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅಪಾಯವೂ ಇದೆ. ಅದಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಲಾಗದ ಉತ್ತರವನ್ನು ಇಂದು ಸಾವಧಾನವಾಗಿ ಹೇಳಬೇಕೆಂದಿರುವೆನು.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೋವು ತಿಳಿಯದಂತೆ ಮಾಡುವುದು ಬೇರೆ, ನಿದ್ದೆ ಬರಿಸುವುದು ಬೇರೆ. ೧೮೪೬ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬವರು ಈಥರಿನ ಆವಿಯನ್ನು ಉಸಿರಾಡಿಸಿ ಶಸ್ತ್ರಕ್ರಿಯೆಯ ನೋವನ್ನು ಗೆದ್ದು ತೋರಿಸಿದಾಗ ಈ ಎರಡೂ ಒಂದಾಗಿಯೇ ಇದ್ದುವು. ರೋಗಿಯ ಪ್ರಜ್ಞೆ ಹೋದರೆ ಮಾತ್ರ ನೋವು ಹೋಗುತ್ತಿತ್ತು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ವೈದ್ಯರು ಕೊಕೇನಿನ ಹನಿಗಳಿಂದ ಕಣ್ಣನ್ನು ಮಾತ್ರ ಮರಗಟ್ಟಿಸಬಹುದೆಂದು ಕಂಡುಹಿಡಿದರು. ೧೮೯೮ರಲ್ಲಿ ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್ ಅದೇ ಔಷಧವನ್ನು ಬೆನ್ನುಹುರಿಯ ಸುತ್ತಣ ನೀರಿನೊಳಕ್ಕೆ ಸೂಜಿಯಿಂದ ಬಿಟ್ಟು, ರೋಗಿಯು ಎಚ್ಚರವಾಗಿರುವಾಗಲೇ ಕಾಲಿನ ಶಸ್ತ್ರಕ್ರಿಯೆ ನಡೆಸಿದರು. ಅವರೂ ಅವರ ಸಹಾಯಕರೂ ತಮ್ಮ ಮೇಲೆಯೇ ಈ ಪ್ರಯೋಗವನ್ನು ಮಾಡಿಕೊಂಡು ತಲೆನೋವಿನಿಂದ ಬಳಲಿದ ಸಂಗತಿಯು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅಂದಿನಿಂದ ನೋವೂ ಪ್ರಜ್ಞೆಯೂ ಬೇರೆ ಬೇರೆಯಾದುವು. ಕೊಕೇನ್ ಇಂದು ಆ ಕೆಲಸದಲ್ಲಿಲ್ಲ. ಬುಪಿವಕೇನ್ ಮೊದಲಾದ ಮೇಲಾದ ಔಷಧಗಳು ಬಂದಿವೆ. ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿಯು ಮುಗಿದ ಎಡೆಯಿಂದಲೂ ಕೆಳಗೆ, ಕೂದಲಿನಂಥ ಸೂಜಿಯನ್ನು ಇಳಿಸಿ ಎರಡು ಮೂರು ಮಿಲಿಲೀಟರಿನಷ್ಟು ಔಷಧವನ್ನು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹೊಟ್ಟೆಯ ಕೆಳಗಿನ ಮೈ ಮರಗಟ್ಟುವುದು. ಇದಕ್ಕೆ ಪ್ರಾದೇಶಿಕ ಅರಿವಳಿಕೆಯೆಂದು ಹೆಸರು.

ಹೀಗಿರಲು, ನೋವೇ ಇಲ್ಲದ ಮೇಲೆ ನಿದ್ದೆಯ ಔಷಧವೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ದೀಪಗಳ ಬೆಳಕು, ಉಪಕರಣಗಳ ಸದ್ದು, ಎಲುಬಿಗೆ ಮೊಳೆ ಹೊಡೆಯುವಾಗಿನ ಅದಿರು, ಗಟ್ಟಿ ಮೇಜಿನ ಮೇಲೆ ಎರಡು ತಾಸು ಮಿಸುಕದೆ ಮಲಗಬೇಕಾದ ಆಯಾಸ, ಇವು ವೃದ್ಧರ ಮನಸ್ಸನ್ನು ಕಲಕುವುವು. ಆದುದರಿಂದ ರಕ್ತನಾಳದ ಮೂಲಕ ತುಸು ಮಂಪರಿನ ಔಷಧವನ್ನು ಕೊಡುವ ರೂಢಿಯುಂಟು. ಇದು ಅರಿವಳಿಕೆಗೆ ಊರುಗೋಲು ಮಾತ್ರ, ಇದೇ ಅರಿವಳಿಕೆಯಲ್ಲ. ಊರುಗೋಲಿನ ಮೇಲೆ ಇಡೀ ಭಾರವನ್ನು ಹಾಕಿದಾಗಲೇ ತೊಂದರೆ ಆರಂಭವಾಗುವುದು.

ಮಂಪರೆಂಬುದು ಒಂದೇ ಸ್ಥಿತಿಯಲ್ಲ, ಅದೊಂದು ಇಳಿಜಾರು. ಅಮೆರಿಕದ ಅರಿವಳಿಕೆ ವೈದ್ಯರ ಸಂಘವು ೧೯೯೯ರಲ್ಲಿ ಈ ಇಳಿಜಾರಿನಲ್ಲಿ ನಾಲ್ಕು ಗುರುತುಗಲ್ಲುಗಳನ್ನು ನೆಟ್ಟಿತು. ಮೊದಲನೆಯದರಲ್ಲಿ ಮನಸ್ಸು ತಿಳಿಯಾಗಿ ಅಂಜಿಕೆ ಕಳೆಯುವುದು, ಮಾತಿಗೆ ಮಾತು ಬರುವುದು. ಎರಡನೆಯದರಲ್ಲಿ ಕಣ್ಣು ಮುಚ್ಚಿದ್ದರೂ ಕರೆದರೆ ಅಥವಾ ಮೆಲ್ಲನೆ ಮುಟ್ಟಿದರೆ ರೋಗಿಯು ಅರ್ಥವರಿತು ಓಗೊಡುವನು. ಉಸಿರು ತಾನೇ ಸರಿಯಾಗಿ ನಡೆಯುವುದು. ಮೂರನೆಯದರಲ್ಲಿ ಮತ್ತೆ ಮತ್ತೆ ಅಲುಗಿಸಿದರೆ ಅಥವಾ ನೋಯಿಸಿದರೆ ಮಾತ್ರ ಅರ್ಥವುಳ್ಳ ಪ್ರತಿಕ್ರಿಯೆ ಬರುವುದು. ಉಸಿರಿಗೆ ನೆರವು ಬೇಕಾದೀತು. ನಾಲ್ಕನೆಯದು ಪೂರ್ಣ ಅರಿವಳಿಕೆ; ಅಲ್ಲಿ ಎಷ್ಟು ಎಬ್ಬಿಸಿದರೂ ಎಚ್ಚರವಿಲ್ಲ. ಈ ಗುರುತುಗಲ್ಲುಗಳ ನಡುವೆ ಗೋಡೆಗಳಿಲ್ಲವೆಂಬುದನ್ನು ಮರೆಯಬಾರದು. ಎರಡನೆಯದರಲ್ಲಿ ನಿಲ್ಲಬೇಕೆಂದು ಹೊರಟ ವೈದ್ಯನ ರೋಗಿಯು ಅರಿವಿಲ್ಲದೆ ಮೂರನೆಯದಕ್ಕೆ ಜಾರಬಹುದು. ಎಲುಬು ಕೂಡಿಸುವ ಸದ್ದು ನಡೆದಿರುವಾಗ ಎಚ್ಚರವಾಗಿಯೇ ಇದ್ದವನು, ಆ ಸದ್ದು ನಿಂತು ಗಾಯಕ್ಕೆ ಹೊಲಿಗೆ ಹಾಕುವ ನಿಶ್ಶಬ್ದ ಸಮಯದಲ್ಲಿ ಅದೇ ಪ್ರಮಾಣದ ಔಷಧದಿಂದ ಆಳಕ್ಕೆ ಇಳಿಯುವನು. ಆದಕಾರಣ ಔಷಧವನ್ನು ಅಳೆದು ಕೊಟ್ಟರೆ ಸಾಲದು. ಅದರ ಫಲವನ್ನೂ ಎಡೆಬಿಡದೆ ಅಳೆಯಬೇಕು.

ಯುವಕರಿಗಿಂತ ವೃದ್ಧರಲ್ಲಿ ಈ ಜಾರುವಿಕೆ ಬೇಗನಾಗುವುದೇಕೆ? ಕಾರಣಗಳು ಹಲವು. ವಯಸ್ಸಾದಂತೆ ಮೈಯ ನೀರಿನಂಶ ಕುಗ್ಗಿ ಕೊಬ್ಬಿನ ಪಾಲು ಹೆಚ್ಚುವುದು. ಕೊಬ್ಬಿನಲ್ಲಿ ಕರಗುವ ಔಷಧವು ಅಲ್ಲಿ ಅಡಗಿ ಕುಳಿತು ನಿಧಾನವಾಗಿ ಹೊರಬರುವುದು. ಯಕೃತ್ತೂ ಮೂತ್ರಪಿಂಡಗಳೂ ಔಷಧವನ್ನು ಹೊರಹಾಕುವ ವೇಗ ತಗ್ಗುವುದು. ಮಿದುಳು ಕೂಡ ಮೊದಲಿಗಿಂತ ಸ್ವಲ್ಪ ಔಷಧಕ್ಕೇ ಮಣಿಯುವುದು. ಇವೆಲ್ಲಕ್ಕೂ ಮಿಗಿಲಾಗಿ ನೆನಪಿಡಬೇಕಾದುದು ರಕ್ತಪ್ರವಾಹದ ನಿಧಾನಗತಿ. ಕೈಯ ನಾಳದಲ್ಲಿ ಕೊಟ್ಟ ಔಷಧವು ಮಿದುಳಿಗೆ ಮುಟ್ಟಿ ಫಲ ತೋರುವುದಕ್ಕೆ ವೃದ್ಧರಲ್ಲಿ ಹೆಚ್ಚು ಹೊತ್ತು ಬೇಕು. ಮೊದಲನೆಯ ಪ್ರಮಾಣವು ಕೆಲಸ ಮಾಡಲಿಲ್ಲವೆಂದು ಅವಸರಪಟ್ಟು ಎರಡನೆಯದನ್ನು ಕೊಟ್ಟರೆ, ತುಸು ಹೊತ್ತಿನ ಮೇಲೆ ಎರಡೂ ಕೂಡಿ ಒಮ್ಮೆಲೇ ಮೇಲೆ ಬೀಳುವುವು. ಕಾಯುವ ತಾಳ್ಮೆಯೇ ಇಲ್ಲಿ ಅರ್ಧ ವಿದ್ಯೆ.

ಇನ್ನೊಂದು ವಿಶೇಷವುಂಟು. ಬೆನ್ನಿನ ಅರಿವಳಿಕೆಯು ತಾನೇ ತುಸು ಮಂಪರನ್ನು ತರುವುದು. ಕಾಲು, ಸೊಂಟ, ಹೊಟ್ಟೆಗಳಿಂದ ಮಿದುಳಿಗೆ ಸದಾ ಹರಿದುಬರುವ ಸುದ್ದಿಯ ಹೊಳೆ ಒಮ್ಮೆಗೇ ನಿಂತುದರಿಂದ ಮಿದುಳಿನ ಎಚ್ಚರ ತಗ್ಗುವುದೆಂದು ಇದಕ್ಕೆ ಕಾರಣ ಹೇಳುವರು. ಆದುದರಿಂದ ಈ ರೋಗಿಗಳಿಗೆ ನಿದ್ದೆಯ ಔಷಧವು ಸಾಮಾನ್ಯಕ್ಕಿಂತ ಕಡಿಮೆ ಸಾಕು. ಕೆಲವರಿಗೆ ಬೇಡವೇ ಬೇಡ.

ಇನ್ನು ಆಳಕ್ಕಿಳಿದರೆ ಒದಗುವ ಕೇಡುಗಳನ್ನು ಹೇಳುವೆನು. ಮೊದಲನೆಯದು ಉಸಿರಿನದು. ಮಂಪರು ಆಳವಾದಂತೆ ನಾಲಗೆಯ ಬುಡವೂ ಗಂಟಲಿನ ಸ್ನಾಯುಗಳೂ ಸಡಿಲಾಗಿ ಉಸಿರಿನ ದಾರಿಯನ್ನು ಅಡ್ಡಗಟ್ಟುವುವು. ಹಲ್ಲುಗಳು ಹೋಗಿ ದವಡೆ ಕುಗ್ಗಿದವರಲ್ಲಿಯೂ ರಾತ್ರಿ ಜೋರಾಗಿ ಗೊರಕೆ ಹೊಡೆಯುವವರಲ್ಲಿಯೂ ಇದು ಬೇಗನಾಗುವುದು. ಮೇಜಿನ ಮೇಲೆ ಕೇಳುವ ಗೊರಕೆಯು ಸುಖನಿದ್ರೆಯ ಲಕ್ಷಣವೆಂದು ಯಾರೂ ತಿಳಿಯಬಾರದು; ಅದು ಬಾಗಿಲು ಅರ್ಧ ಮುಚ್ಚಿದ ಸದ್ದು. ಎರಡನೆಯದು ರಕ್ತದೊತ್ತಡದ್ದು. ಬೆನ್ನಿನ ಸೂಜಿಯಿಂದಲೇ ಕಾಲುಗಳ ರಕ್ತನಾಳಗಳು ಸಡಿಲಿ ಒತ್ತಡ ಇಳಿಯುವುದು. ಮೇಲೆ ಮಂಪರಿನ ಔಷಧವೂ ಕೂಡಿದರೆ ಮತ್ತಷ್ಟು ಇಳಿದು, ಮೊದಲೇ ಗಡುಸಾದ ನಾಳಗಳುಳ್ಳ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದಾಗುವುದು.

ಮೂರನೆಯದು ಮನಸ್ಸಿನದು. ಶಸ್ತ್ರಚಿಕಿತ್ಸೆಯಾದ ಮೇಲೆ ಒಂದೆರಡು ದಿನಗಳೊಳಗೆ ಕೆಲವು ವೃದ್ಧರಿಗೆ ಸನ್ನಿಯಂಥ ಸ್ಥಿತಿಯೊದಗುವುದು. ಮಗನ ಗುರುತು ಹತ್ತದು, ಹಗಲನ್ನು ರಾತ್ರಿಯೆನ್ನುವರು, ಗೋಡೆಯ ಮೇಲೆ ಇಲ್ಲದ ಮನುಷ್ಯರನ್ನು ಕಾಣುವರು, ಕೊಳವೆಗಳನ್ನು ಕಿತ್ತುಹಾಕುವರು. ಇನ್ನು ಕೆಲವರಲ್ಲಿ ಈ ಗದ್ದಲವಿಲ್ಲ. ಅವರು ಸುಮ್ಮನೆ ಮಂಕಾಗಿ ಮಲಗಿರುವರು, ಅನ್ನ ಬೇಡವೆನ್ನುವರು, ಮಾತಿನ ಎಳೆಯನ್ನು ಹಿಡಿಯಲಾರರು. ಈ ಎರಡನೆಯ ಬಗೆಯು ಯಾರ ಕಣ್ಣಿಗೂ ಬೀಳದೆ ಹೋಗುವುದೇ ಹೆಚ್ಚು. ಬಹು ಮಂದಿಗೆ ಇದು ಕೆಲವು ದಿನಗಳಲ್ಲಿ ತಿಳಿಯಾಗುವುದಾದರೂ, ಸನ್ನಿಯಾದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವರು, ಎದ್ದು ನಡೆಯುವುದು ತಡವಾಗುವುದು, ಕೆಲವರ ಜ್ಞಾಪಕಶಕ್ತಿಯು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ಎಲುಬು ಕೂಡಿತು, ಆದರೆ ಮನೆಯ ಹಿರಿಯನು ಮೊದಲಿನ ಹಿರಿಯನಾಗಿ ಮನೆಗೆ ಬರಲಿಲ್ಲವೆಂದರೆ ಆ ಚಿಕಿತ್ಸೆಯ ಫಲವೇನು?

ಈ ಮೂರರ ನಡುವೆ ಒಂದು ಬಲೆಯುಂಟು. ನಮ್ಮ ಕಿರಿಯ ವೈದ್ಯರಿಗೆ ನಾವು ಎಲ್ಲಕ್ಕಿಂತ ಮೊದಲು ಕಲಿಸುವುದು ಅದನ್ನೇ. ಮೇಜಿನ ಮೇಲಿರುವ ವೃದ್ಧನು ಇದ್ದಕ್ಕಿದ್ದಂತೆ ಚಡಪಡಿಸತೊಡಗಿದನೆನ್ನಿರಿ. ಮಂಪರು ಸಾಲಲಿಲ್ಲವೆಂದು ಭಾವಿಸಿ ಮತ್ತಷ್ಟು ಔಷಧ ಕೊಡಬೇಕೆಂದು ಮನಸ್ಸಾಗುವುದು ಸಹಜ. ಆದರೆ ಆ ಚಡಪಡಿಕೆಯು ಆಮ್ಲಜನಕ ಸಾಲದೆ ಆಗಿರಬಹುದು. ರಕ್ತದೊತ್ತಡ ಬಿದ್ದುದರಿಂದ ಆಗಿರಬಹುದು. ಮಂಪರೇ ಹೆಚ್ಚಾಗಿ ವಿವೇಕದ ಕಡಿವಾಣ ಕಳಚಿದುದರಿಂದಲೂ ಆಗಿರಬಹುದು. ಮರಗಟ್ಟಿಸುವ ಔಷಧವು ರಕ್ತಕ್ಕೆ ಸೇರಿ ವಿಷವಾದುದರ ಮುನ್ಸೂಚನೆಯೂ ಆಗಿರಬಹುದು. ಇಂಥವನಿಗೆ ಮತ್ತೆ ನಿದ್ದೆಯ ಔಷಧ ಕೊಡುವುದೆಂದರೆ ಕೂಗಿಕೊಳ್ಳುವವನ ಬಾಯಿಗೆ ಬಟ್ಟೆ ತುರುಕಿದಂತೆ. ಕೂಗು ನಿಲ್ಲುವುದು, ಅದರೊಡನೆ ಪ್ರಾಣವೂ ನಿಲ್ಲಬಹುದು. ಆದುದರಿಂದ ಮೊದಲು ಉಸಿರನ್ನು ನೋಡು, ಆಮೇಲೆ ಒತ್ತಡವನ್ನು ನೋಡು, ಆಮೇಲೆ ಹೆಗಲು ನೋಯುತ್ತಿದೆಯೋ, ಮೂತ್ರ ತುಂಬಿದೆಯೋ, ಚಳಿಯಾಗಿದೆಯೋ, ಮರಗಟ್ಟಿದ್ದು ಬಿಡುತ್ತಿದೆಯೋ ಎಂದು ಕೇಳು. ಎಲ್ಲದರ ಕಡೆಗೆ ಔಷಧದ ಮಾತು. ಎಷ್ಟೋ ಸಲ ಒಂದು ಕಂಬಳಿ, ಹೆಗಲ ಕೆಳಗೊಂದು ದಿಂಬು, ಕೈ ಹಿಡಿದು ಆಡುವ ಎರಡು ಮಾತು, ಇವು ಔಷಧಕ್ಕಿಂತ ಚೆನ್ನಾಗಿ ಶಾಂತಿಯನ್ನು ತರುವುವು.

ಇನ್ನು ಅಳತೆಯ ವಿಚಾರ. ಮಂಪರನ್ನು ಅಳೆಯುವ ಮೊದಲ ಉಪಕರಣ ನಮ್ಮ ಧ್ವನಿ. ೧೯೭೪ರಲ್ಲಿ ಇಂಗ್ಲೆಂಡಿನ ವೈದ್ಯರಾದ ರ‍್ಯಾಮ್ಸೆ ಮತ್ತು ಅವರ ಸಂಗಡಿಗರು ಆರು ಮೆಟ್ಟಿಲುಗಳ ಒಂದು ಮಾಪನವನ್ನು ಪ್ರಕಟಿಸಿದರು. ಅದರ ಒಂದು ತುದಿಯಲ್ಲಿ ಅಂಜಿ ಚಡಪಡಿಸುವವನು, ಇನ್ನೊಂದು ತುದಿಯಲ್ಲಿ ಯಾವುದಕ್ಕೂ ಓಗೊಡದವನು. ೧೯೯೦ರಲ್ಲಿ ಪ್ರಕಟವಾದ ಮತ್ತೊಂದು ಮಾಪನವು ಇನ್ನೂ ಸರಳವಾದುದು. ಸಾಮಾನ್ಯ ಧ್ವನಿಯಲ್ಲಿ ಹೆಸರು ಹಿಡಿದು ಕರೆದೊಡನೆ ಓಗೊಟ್ಟರೆ ೫. ಜಡವಾಗಿ ಓಗೊಟ್ಟರೆ ೪. ಗಟ್ಟಿಯಾಗಿ ಅಥವಾ ಮತ್ತೆ ಮತ್ತೆ ಕರೆದ ಮೇಲೆ ಓಗೊಟ್ಟರೆ ೩. ಮೆಲ್ಲನೆ ಅಲುಗಿಸಿದ ಮೇಲೆ ಮಾತ್ರವಾದರೆ ೨. ಅದಕ್ಕೂ ಏಳದವರು ಅದರ ಕೆಳಗೆ. ಬೆನ್ನಿನ ಅರಿವಳಿಕೆಯಲ್ಲಿರುವ ವೃದ್ಧರನ್ನು ೪ರ ಆಸುಪಾಸಿನಲ್ಲಿ ಇಡಲು ಯತ್ನಿಸುವುದು ಒಳ್ಳೆಯ ಪದ್ಧತಿಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಯಂತ್ರ ಬೇಡ, ಹಣ ಬೇಡ. ತಾಲೂಕು ಆಸ್ಪತ್ರೆಯಲ್ಲಿಯೂ ಇದು ಸಾಧ್ಯ. ಆದರೆ ಇದಕ್ಕೂ ಮಿತಿಗಳಿವೆ. ಕಿವಿ ಮಂದವಾದ ಅಜ್ಜನು ಪೂರ್ಣ ಎಚ್ಚರವಿದ್ದೂ ಓಗೊಡದಿರಬಹುದು. ಅವನನ್ನು ಆಳ ಮಂಪರಿನಲ್ಲಿರುವವನೆಂದು ಎಣಿಸುವುದೂ ತಪ್ಪು, ಕಿವುಡನಾದುದರಿಂದ ಓಗೊಡಲಿಲ್ಲವೆಂದು ನಿಜವಾದ ಆಳವನ್ನು ಅಲಕ್ಷಿಸುವುದು ಅದಕ್ಕಿಂತಲೂ ತಪ್ಪು. ಆಸ್ಪತ್ರೆಯ ಕಾಗದದಲ್ಲಿ ಬರೆದ ಹೆಸರಿಗೆ ತಿರುಗಿ ನೋಡದ ಅಜ್ಜಿಯು ಮನೆಯಲ್ಲಿ ಕರೆಯುವ ಹೆಸರಿಗೆ ಒಡನೆ ಕಣ್ಣು ತೆರೆಯುವಳು. ನಮ್ಮ ನಾಡಿನಲ್ಲಿ ಮನೆಯ ಮಾತು ತುಳುವೋ ತೆಲುಗೋ ಮರಾಠಿಯೋ ಲಂಬಾಣಿಯೋ ಆಗಿರುವವರು ಬಹಳ. ಮಂಪರಿನಲ್ಲಿರುವವನಿಗೆ ಕಲಿತ ಭಾಷೆ ದೂರ, ತಾಯಿಯ ಭಾಷೆ ಹತ್ತಿರ. ಆದುದರಿಂದ ಔಷಧ ಕೊಡುವುದಕ್ಕೆ ಮೊದಲೇ ರೋಗಿಯನ್ನು ಅವನ ಹೆಸರಿನಿಂದ, ಅವನ ಮಾತಿನಲ್ಲಿ ಕರೆದು, ಅವನು ಎಷ್ಟು ಬೇಗ ಹೇಗೆ ಓಗೊಡುವನೆಂಬುದನ್ನು ಗುರುತು ಹಾಕಿಕೊಂಡಿರಬೇಕು. ಆರಂಭದ ಗುರುತಿಲ್ಲದ ಅಳತೆಯು ಅಳತೆಯಲ್ಲ.

ಎರಡನೆಯ ಉಪಕರಣ ಮಿದುಳಿನ ವಿದ್ಯುತ್ತನ್ನು ಓದುವ ಯಂತ್ರ. ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ ತೆರೆಗಳನ್ನು ಮೊದಲ ಸಲ ಗುರುತಿಸಿ ೧೯೨೯ರಲ್ಲಿ ಪ್ರಕಟಿಸಿದರು. ಎಚ್ಚರದಲ್ಲಿ ಈ ತೆರೆಗಳು ಕಿರಿದಾಗಿ ಬೇಗಬೇಗನೆ ಏಳುವುವು. ಮಂಪರು ಆಳವಾದಂತೆ ದೊಡ್ಡದಾಗಿ ನಿಧಾನವಾಗುವುವು. ಬಹಳ ಆಳದಲ್ಲಿ ನಡುನಡುವೆ ಪೂರಾ ಸ್ತಬ್ಧವಾಗುವುವು. ಈ ತೆರೆಗಳನ್ನು ಲೆಕ್ಕಕ್ಕೆ ಹಾಕಿ ೦ಯಿಂದ ೧೦೦ರ ವರೆಗಿನ ಒಂದೇ ಅಂಕೆಯಾಗಿ ತೋರಿಸುವ ಯಂತ್ರವೊಂದಕ್ಕೆ ಬಿಸ್ ಎಂದು ಹೆಸರು. ೧೯೯೬ರಲ್ಲಿ ಅಮೆರಿಕದ ಸರಕಾರವು ಅದರ ಬಳಕೆಗೆ ಒಪ್ಪಿಗೆ ಕೊಟ್ಟಿತು. ಹಣೆಗೆ ಒಂದು ಪಟ್ಟಿಯನ್ನು ಅಂಟಿಸಿದರೆ ಸಾಕು. ಪೂರ್ಣ ಎಚ್ಚರವಿದ್ದರೆ ಅಂಕೆಯು ೧೦೦ರ ಸಮೀಪ. ಲಘು ಮಂಪರಿನಲ್ಲಿ ೮೦ರ ಮೇಲೆ. ೬೦ರಿಂದ ೮೦ರ ಒಳಗೆ ಮಂಪರು ಆಳವಾಗುತ್ತ ಹೋಗುವುದು. ೪೦ರಿಂದ ೬೦ ಪೂರ್ಣ ಅರಿವಳಿಕೆಯ ಪ್ರಾಂತ.

ಈ ಯಂತ್ರದ ಗುಣವೇನೆಂದರೆ, ರೋಗಿಯನ್ನು ಎಬ್ಬಿಸದೆಯೇ ಇದು ಎಡೆಬಿಡದೆ ಸುದ್ದಿ ಹೇಳುತ್ತಿರುವುದು. ದೋಷಗಳೂ ಇವೆ. ಹಣೆಯ ಸ್ನಾಯುಗಳು ಬಿಗಿದರೆ ಅಥವಾ ಚಳಿಯಿಂದ ನಡುಗಿದರೆ ಅಂಕೆ ಸುಳ್ಳಾಗಿ ಏರುವುದು. ಮರೆವಿನ ರೋಗವುಳ್ಳವರಲ್ಲಿ ಎಚ್ಚರವಿರುವಾಗಲೇ ಅಂಕೆಯು ಕೆಳಗಿರಬಹುದು. ಕೆಟಮಿನ್ ಎಂಬ ಔಷಧ ಕೊಟ್ಟರೆ ಅಂಕೆಯು ಪ್ರಜ್ಞೆಯ ನಿಜಸ್ಥಿತಿಯನ್ನು ಹೇಳದು. ಅದಲ್ಲದೆ ತೆರೆಗಳನ್ನು ಲೆಕ್ಕ ಹಾಕುವುದಕ್ಕೆ ಯಂತ್ರಕ್ಕೂ ಹೊತ್ತು ಹಿಡಿಯುವುದರಿಂದ, ಅಂಕೆಯು ತೋರಿಸುವುದು ಈ ಕ್ಷಣದ ಸ್ಥಿತಿಯನ್ನಲ್ಲ, ತುಸು ಹಿಂದಣ ಸ್ಥಿತಿಯನ್ನು. ಅಂಕೆಯೂ ಧ್ವನಿಯೂ ಒಂದನ್ನೊಂದು ಒಪ್ಪದಿದ್ದಾಗ ರೋಗಿಯನ್ನೇ ನಂಬಬೇಕು.

ಮೂರನೆಯದು ಉಸಿರಿನ ಕಾವಲು. ಜಪಾನಿನ ಟಕುವೊ ಅಒಯಾಗಿ ಎಂಬ ಇಂಜಿನಿಯರು ೧೯೭೪ರ ಹೊತ್ತಿಗೆ ರೂಪಿಸಿದ ತತ್ತ್ವದ ಮೇಲೆ, ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರವೊಂದು ರಕ್ತದ ಆಮ್ಲಜನಕವನ್ನು ಬೆಳಕಿನಿಂದ ಅಳೆಯುವುದು. ಕಳೆದ ಮಹಾಮಾರಿಯ ಕಾಲದಲ್ಲಿ ಇದನ್ನು ತಾವೆಲ್ಲರೂ ಕಂಡಿರುವಿರಿ. ಆದರೆ ಇದರಲ್ಲಿಯೂ ಒಂದು ಮೋಸವುಂಟು. ಮೂಗಿನ ಕೊಳವೆಯಿಂದ ಆಮ್ಲಜನಕವನ್ನು ಕೊಡುತ್ತಿರುವಾಗ ಉಸಿರು ತೀರ ಮಂದವಾಗಿದ್ದರೂ ಬೆರಳಿನ ಅಂಕೆಯು ಬಹಳ ಹೊತ್ತು ಚೆನ್ನಾಗಿಯೇ ತೋರುತ್ತಿರುವುದು. ಕಣಜ ತುಂಬಿರುವವರೆಗೆ ಹೊಲದಲ್ಲಿ ಬೆಳೆ ಒಣಗಿದ್ದು ಊಟದ ತಟ್ಟೆಯಲ್ಲಿ ತಿಳಿಯುವುದಿಲ್ಲವಷ್ಟೆ! ಆದಕಾರಣ ಹೊರಬಿಡುವ ಉಸಿರಿನ ಇಂಗಾಲಾಮ್ಲ ವಾಯುವನ್ನು ತೆರೆಯಾಗಿ ತೋರಿಸುವ ಮತ್ತೊಂದು ಯಂತ್ರವನ್ನು ಜೋಡಿಸುವರು. ಉಸಿರು ನಿಂತೊಡನೆ ತೆರೆಯೂ ನಿಲ್ಲುವುದರಿಂದ, ಬೆರಳಿನ ಯಂತ್ರಕ್ಕಿಂತ ಇದು ಮುಂಚಿತವಾಗಿ ಎಚ್ಚರಿಸುವುದು. ಇದಿಲ್ಲದ ಕಡೆಯಲ್ಲಿ ರೋಗಿಯ ಎದೆಯ ಏರಿಳಿತವನ್ನು ಕಣ್ಣಿನಿಂದ, ಉಸಿರನ್ನು ಅಂಗೈಯಿಂದ ಕಾಯುವ ಹಳೆಯ ವಿದ್ಯೆಯನ್ನು ಬಿಡಲಾಗದು.

ಔಷಧಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆನು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಬೇಗ ಏರಿ ಬೇಗ ಇಳಿಯುವುದು. ಆದರೆ ಉಸಿರನ್ನೂ ಒತ್ತಡವನ್ನೂ ತಗ್ಗಿಸುವುದು. ಮಿಡಜೊಲಾಮ್ ಅಂಜಿಕೆಯನ್ನು ಕಳೆಯುವುದಾದರೂ ಅದರ ಜಾತಿಯ ಔಷಧಗಳು ವೃದ್ಧರಲ್ಲಿ ಮನಸ್ಸನ್ನು ಕಲಕಬಹುದೆಂದು ಅಮೆರಿಕದ ವೃದ್ಧವೈದ್ಯರ ಸಂಘವು ಎಚ್ಚರಿಸಿದೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬುದು ಸಹಜ ನಿದ್ದೆಯನ್ನು ಹೋಲುವ, ಕರೆದರೆ ಏಳಬಲ್ಲ ಮಂಪರನ್ನು ಕೊಡುವುದು, ಉಸಿರನ್ನು ಅಷ್ಟಾಗಿ ತಗ್ಗಿಸದು. ಆದರೆ ನಾಡಿಯನ್ನು ನಿಧಾನ ಮಾಡುವುದು. ಕೇಡಿಲ್ಲದ ಔಷಧವೊಂದೂ ಇಲ್ಲ. ಕಾವಲಿನಿಂದಲೇ ಔಷಧವು ಔಷಧವಾಗುವುದು.

ಹಾಗಾದರೆ ಮಂಪರನ್ನು ಹಗುರವಾಗಿಟ್ಟರೆ ಸನ್ನಿಯು ತಪ್ಪುವುದೇ? ಈ ಪ್ರಶ್ನೆಗೆ ಪರೀಕ್ಷೆಗಳು ಕೊಟ್ಟ ಉತ್ತರವನ್ನು ಇದ್ದುದಿದ್ದಂತೆ ಹೇಳುವುದು ನನ್ನ ಕರ್ತವ್ಯ. ಅಮೆರಿಕದ ಬಾಲ್ಟಿಮೋರಿನಲ್ಲಿ, ತೊಡೆಯ ಎಲುಬು ಮುರಿದು ಬೆನ್ನಿನ ಅರಿವಳಿಕೆ ಪಡೆದ ೧೧೪ ಮಂದಿ ವೃದ್ಧರನ್ನು ಎರಡು ಪಂಗಡ ಮಾಡಿ, ಒಂದರಲ್ಲಿ ಬಿಸ್ ಅಂಕೆಯನ್ನು ೫೦ರ ಆಸುಪಾಸಿನಲ್ಲಿ, ಇನ್ನೊಂದರಲ್ಲಿ ೮೦ರ ಮೇಲೆ ಇರಿಸಿ ನೋಡಿದರು. ೨೦೧೦ರಲ್ಲಿ ಪ್ರಕಟವಾದ ಫಲವೇನೆಂದರೆ, ಆಳದ ಪಂಗಡದಲ್ಲಿ ನೂರಕ್ಕೆ ೪೦, ಹಗುರದ ಪಂಗಡದಲ್ಲಿ ನೂರಕ್ಕೆ ೧೯ ಮಂದಿಗೆ ಸನ್ನಿಯಾಯಿತು. ಲೋಕವೆಲ್ಲ ಸಂತೋಷಪಟ್ಟಿತು. ಆದರೆ ಅದೇ ನಗರದಲ್ಲಿ ೨೦೦ ಮಂದಿಯ ಮೇಲೆ, ಈ ಸಲ ಧ್ವನಿಯ ಮಾಪನವನ್ನು ಆಧರಿಸಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆಳದವರಲ್ಲಿ ನೂರಕ್ಕೆ ೩೯, ಹಗುರದವರಲ್ಲಿ ನೂರಕ್ಕೆ ೩೪ ಎಂದು ಬಂದಿತು. ಇಷ್ಟು ಅಂತರವನ್ನು ಭೇದವೆನ್ನಲಾಗದು. ಆದರೂ ಅದರೊಳಗೆ ಒಂದು ಗಮನಾರ್ಹ ಅಂಶವಿತ್ತು. ಬೇರೆ ದೊಡ್ಡ ರೋಗಗಳಿಲ್ಲದೆ ಗಟ್ಟಿಯಾಗಿದ್ದ ವೃದ್ಧರಲ್ಲಿ ಆಳದ ಮಂಪರಿನಿಂದ ಸನ್ನಿಯ ಸಂಭವವು ಸುಮಾರು ಇಮ್ಮಡಿಯಾಗಿತ್ತು. ಅನೇಕ ರೋಗಗಳಿಂದ ಜರ್ಜರಿತರಾದವರಲ್ಲಿ ಭೇದ ಕಾಣಲಿಲ್ಲ. ಅವರಿಗೆ ಸನ್ನಿ ತರಲು ಬೇರೆ ಕಾರಣಗಳೇ ಬೇಕಾದಷ್ಟಿದ್ದುವೆಂದು ಊಹಿಸಬಹುದು.

ಬೆನ್ನಿನ ಸೂಜಿಯೇ ಪೂರ್ಣ ಅರಿವಳಿಕೆಗಿಂತ ಮೇಲೆಂಬ ನಂಬಿಕೆಯೂ ಪರೀಕ್ಷೆಗೊಳಗಾಯಿತು. ೨೦೨೧ರಲ್ಲಿ ಅಮೆರಿಕ ಮತ್ತು ಕೆನಡಾಗಳ ೧೬೦೦ ಮಂದಿಯ ಮೇಲಿನ ಪರೀಕ್ಷೆಯು, ಅರುವತ್ತು ದಿನಗಳ ಮೇಲೆ ನಡೆಯಲಾರದವರ ಅಥವಾ ತೀರಿಹೋದವರ ಸಂಖ್ಯೆಯಲ್ಲಿ ಎರಡು ವಿಧಾನಗಳಿಗೂ ಅಂತರವಿಲ್ಲವೆಂದು ತೋರಿಸಿತು. ೨೦೨೨ರಲ್ಲಿ ಪ್ರಕಟವಾದ ಚೀನಾ ದೇಶದ ೯೫೦ ಮಂದಿಯ ಪರೀಕ್ಷೆಯಲ್ಲಿ ಮಂಪರಿನ ಔಷಧವನ್ನೇ ಕೊಡದೆ ಪ್ರಾದೇಶಿಕ ಅರಿವಳಿಕೆ ಮಾಡಿದಾಗಲೂ ಸನ್ನಿಯು ಪೂರ್ಣ ಅರಿವಳಿಕೆಯವರಿಗಿಂತ ಕಡಿಮೆಯಾಗಲಿಲ್ಲ. ಇವುಗಳಿಂದ ನಾವು ಕಲಿಯಬೇಕಾದುದು ಇಷ್ಟು: ಸನ್ನಿಗೆ ಬೇರುಗಳು ಹಲವು, ನೋವು, ನಿದ್ರಾಭಂಗ, ಸೋಂಕು, ನೀರಡಿಕೆ, ರಕ್ತಹೀನತೆ, ಪರಸ್ಥಳದ ಭಯ ಎಲ್ಲವೂ ಅದನ್ನು ಬೆಳೆಸುವುವು. ಮಂಪರನ್ನು ಹಗುರವಾಗಿಡುವುದು ಮಂತ್ರದಂಡವಲ್ಲ. ಆದರೆ ಆಳದ ಮಂಪರಿನಿಂದ ಲಾಭವಾಯಿತೆಂದು ಈ ಎರಡು ಮಂಪರಿನ ಪರೀಕ್ಷೆಗಳಲ್ಲಿ ಯಾವುದೂ ತೋರಿಸಲಿಲ್ಲ. ಉಸಿರಿಗೂ ಒತ್ತಡಕ್ಕೂ ಆಗುವ ಕೇಡಂತೂ ಸಂದೇಹವಿಲ್ಲದ್ದು. ಲಾಭವಿಲ್ಲದ ಕಡೆ ಅಪಾಯವನ್ನು ಕೊಳ್ಳುವುದು ಜಾಣತನವಲ್ಲ. ಆದುದರಿಂದ ಬೇಕಾದಷ್ಟೇ ಮಂಪರು, ಅದೂ ಅಳೆದು ಅಳೆದು, ಎಂಬ ನಿಯಮವು ನಿಲ್ಲುವುದು.

ಇಷ್ಟು ವೈದ್ಯರ ಪಾಲಿನದು. ಇನ್ನು ತಮ್ಮ ಪಾಲಿನ ಕೆಲಸವನ್ನು ಹೇಳಿ ಮುಗಿಸುವೆನು; ಇದು ಯಾವ ಯಂತ್ರಕ್ಕೂ ಕಡಿಮೆಯಾದುದಲ್ಲ.

ಮೊದಲನೆಯದಾಗಿ, ಮನೆಯ ಹಿರಿಯರನ್ನು ಶಸ್ತ್ರಚಿಕಿತ್ಸೆಗೆ ಕರೆತಂದಾಗ ಅವರ ಕಿವಿ ಹೇಗಿದೆ, ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದೋ, ನಿದ್ದೆಯ ಗುಳಿಗೆ ತೆಗೆದುಕೊಳ್ಳುವ ರೂಢಿಯುಂಟೋ, ಹೊಗೆಸೊಪ್ಪು ಮದ್ಯಗಳ ಚಟವುಂಟೋ, ಮರೆವು ಹೆಚ್ಚಿದೆಯೋ, ಹಿಂದೆ ಆಸ್ಪತ್ರೆಯಲ್ಲಿ ಬುದ್ಧಿ ಕದಡಿತ್ತೋ ಎಂಬುದನ್ನು ನಾಚಿಕೆಪಡದೆ ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ಮದ್ಯದ ಮಾತನ್ನು ಮರ್ಯಾದೆಗಾಗಿ ಮುಚ್ಚಿಟ್ಟರೆ ಅದರ ಬೆಲೆಯನ್ನು ತೆರುವವನು ರೋಗಿ.

ಎರಡನೆಯದಾಗಿ, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮನೆಯಲ್ಲಿ ಬಿಟ್ಟು ಬರಬಾರದು. ಶಸ್ತ್ರಚಿಕಿತ್ಸೆಯ ಕೋಣೆಯೊಳಕ್ಕೂ ಕಿವಿಯ ಯಂತ್ರವನ್ನು ಬಿಡಬಹುದೇ ಎಂದು ಕೇಳಿರಿ. ಮನೆಯಲ್ಲಿ ಏನೆಂದು ಕರೆಯುವಿರೆಂಬುದನ್ನು ಹೇಳಿರಿ. ಉಪವಾಸವನ್ನು ವೈದ್ಯರು ಹೇಳಿದಷ್ಟೇ ಹೊತ್ತು ಮಾಡಿಸಿರಿ. ಒಳ್ಳೆಯದಾಗಲೆಂದು ಹೆಚ್ಚು ಹೊತ್ತು ನೀರು ಕೊಡದಿದ್ದರೆ ಒಳ್ಳೆಯದಾಗುವುದಿಲ್ಲ.

ಮೂರನೆಯದಾಗಿ, “ಪೂರಾ ನಿದ್ದೆ ಬರಿಸಿ” ಎಂದು ಒತ್ತಾಯಿಸಬೇಡಿರಿ. ಅದರ ಬದಲು, “ಇವರಿಗೆ ಎಷ್ಟು ಮಂಪರು ಬೇಕು, ಅದನ್ನು ಹೇಗೆ ನೋಡುತ್ತಿರುವಿರಿ?” ಎಂದು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯನು ಈ ಪ್ರಶ್ನೆಗೆ ಬೇಸರಪಡನು. ಹಿರಿಯರಿಗೂ ಮೊದಲೇ ಹೇಳಿಡಿರಿ: ಸದ್ದು ಕೇಳಿಸೀತು, ಎಳೆದಂತಾದೀತು, ಆದರೆ ನೋವಾಗದು, ನೋವಾದರೆ ಬಾಯಿ ಬಿಟ್ಟು ಹೇಳಬೇಕು. ಮುಂದೆ ಏನಾಗುವುದೆಂದು ತಿಳಿದವನ ಅಂಜಿಕೆ ಅರ್ಧವಾಗುವುದು. ಅಂಜಿಕೆ ಅರ್ಧವಾದರೆ ಔಷಧವೂ ಕಡಿಮೆಯಾಗುವುದು.

ನಾಲ್ಕನೆಯದಾಗಿ, ಚಿಕಿತ್ಸೆಯ ನಂತರದ ಮೂರು ದಿನಗಳು ಮುಖ್ಯವಾದುವು. ಗುರುತಿನವರೊಬ್ಬರು ಹತ್ತಿರ ಇರಬೇಕು. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪವೂ ಮಾತೂ ಕಡಿಮೆಯಿರಲಿ. ಊರು, ವಾರ, ಮನೆಯವರ ಹೆಸರುಗಳನ್ನು ಮಾತಿನ ನಡುವೆ ನೆನಪಿಸುತ್ತಿರಿ. ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸಿ ನೋಡಿರಿ. ಮೊದಲು ಹೇಳುತ್ತಿದ್ದವರು ಈಗ ಎಡವಿದರೆ, ಅಥವಾ ಬೆಳಿಗ್ಗೆ ಸರಿಯಾಗಿದ್ದು ಸಂಜೆಗೆ ಕದಡಿದರೆ, ಅಥವಾ ಕಾರಣವಿಲ್ಲದೆ ಮಂಕಾಗಿ ಮಲಗಿದರೆ, ಒಡನೆ ವೈದ್ಯರಿಗೆ ತಿಳಿಸಿರಿ. ವಯಸ್ಸಾಯಿತು, ಅರಳುಮರಳು ಎಂದು ಸುಮ್ಮನಿರಬೇಡಿರಿ. ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಓಡಬೇಡಿರಿ. ಅದು ಮೈಯೊಳಗಣ ಯಾವುದೋ ತೊಂದರೆಯ ಕೂಗು. ಹುಡುಕಿದರೆ ಬಹಳ ಸಲ ಕಾರಣ ಸಿಕ್ಕುವುದು, ಪರಿಹಾರವೂ ಸಿಕ್ಕುವುದು.

ಶರಣಬಂಧುಗಳೇ, ಅರಿವಳಿಕೆ ವೈದ್ಯನಿಗೆ ಲೋಕವು ನಿದ್ದೆ ಬರಿಸುವವನೆಂದು ಹೆಸರಿಟ್ಟಿದೆ. ಮುಪ್ಪಿನವರ ವಿಷಯದಲ್ಲಿ ಈ ಹೆಸರು ಅರ್ಧ ಸತ್ಯ. ನಿದ್ದೆ ಬರಿಸಲು ಒಂದು ಸೂಜಿ ಸಾಕು. ಎಚ್ಚರವನ್ನು ಕಾಯಲು ಒಬ್ಬ ಮನುಷ್ಯನು ಬಿಟ್ಟುಹೋಗದೆ ಹತ್ತಿರ ಕುಳಿತಿರಬೇಕು. ನಮ್ಮನ್ನು ಹೊತ್ತು ಬೆಳೆಸಿದವರು ಆ ಮೇಜಿನ ಮೇಲೆ ಮಲಗಿರುವಾಗ ಅವರಿಗೆ ಸಲ್ಲಬೇಕಾದುದು ಅಷ್ಟಾದರೂ ಆಗಿರಲಿ ಎಂದು ನಾನು ಪ್ರಾರ್ಥಿಸುವೆನು.